ನಮ್ಮ ಟಾಯ್ಲೆಟ್ ಕಟ್ಟುವವರಿಗೆ ಟಾಯ್ಲೆಟ್ ಎಲ್ಲಿದೆ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು 22 ವರ್ಷ ಹಳೆಯ ಮನೆ. ಎರಡು ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸುತ್ತಿದ್ದೇವೆ, ಅಡುಗೆಮನೆಯ ಟೈಲ್ಸ್ ಕೂಡ ಬದಲಿಸಬೇಕು. ಬರುವ ಸೋಮವಾರ ಕೆಲಸ ಶುರು. ಮೇಸ್ತ್ರಿ ಸೇರಿ ಆರು ಜನ, 25 ದಿನ ಹಿಡಿಯುತ್ತದೆ ಎಂದಿದ್ದಾರೆ. ಅಷ್ಟೂ ದಿನ ನಾವು ಮನೆಯಲ್ಲೇ ಇರುತ್ತೇವೆ. ಟೀ, ಊಟ ಎಲ್ಲ ನಾವೇ ಕೊಡಬೇಕಾ? ಅತ್ತೆಯವರು ಕೆಲಸದವರಿಗೆ ಬೇರೆ ಲೋಟ ಇಡು, ಒಳಗಿನ ಟಾಯ್ಲೆಟ್ ಕೊಡಬೇಡ ಅನ್ನುತ್ತಾರೆ. ಹಿತ್ತಲಲ್ಲಿ ಹಳೆಯ ಟಾಯ್ಲೆಟ್ ಒಂದಿದೆ, ಆದರೆ ನಲ್ಲಿ ಕೆಟ್ಟು ಸಾಮಾನು ತುಂಬಿದೆ. ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಬೇಕಾ, ಬಿಟ್ಟುಬಿಡಬೇಕಾ? ತಪ್ಪು ಕಂಡರೆ ಹೇಗೆ ಹೇಳುವುದು? ಹೋದ ವರ್ಷ ನಮ್ಮ ಯಜಮಾನರು ಎಲ್ಲರ ಎದುರು ಕೂಗಾಡಿದ್ದಕ್ಕೆ ಪೇಂಟರ್ ಮೂರು ದಿನದ ಕೂಲಿಯನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಈ ಸಲ ಹಾಗಾಗುವುದು ಬೇಡ.

ಉತ್ತರ: ನೀವು ಮೊದಲು ಕೇಳಿದ್ದು ಟೀ ಬಗ್ಗೆ. ನಾನು ಟಾಯ್ಲೆಟ್‌ನಿಂದ ಶುರು ಮಾಡುತ್ತೇನೆ. ಹಳೆಯ ಮನೆಗಳ ರಿಪೇರಿ ಕೆಲಸ ಮಾಡಿಸುತ್ತಾ ನನಗೆ 26 ವರ್ಷ ಆಯಿತು. ಟೀ ಕೊಡದ ಮನೆಯನ್ನು ನಾನು ಕಂಡಿದ್ದು ಬಹಳ ಕಡಿಮೆ. ಮೊದಲ ದಿನವೇ ಕೆಲಸದವರನ್ನು ಕರೆದು "ಟಾಯ್ಲೆಟ್ ಇಲ್ಲಿದೆ ನೋಡಿ" ಎಂದು ತೋರಿಸಿದ ಮನೆ ಅದಕ್ಕಿಂತ ಕಡಿಮೆ. ಎರಡು ಹೊಸ ಟಾಯ್ಲೆಟ್ ಕಟ್ಟಲು ಬಂದ ಆರು ಜನ 25 ದಿನ ಎಲ್ಲಿಗೆ ಹೋಗುತ್ತಾರೆ ಎಂದು ಯಾರೂ ಯೋಚಿಸಿರುವುದಿಲ್ಲ.

ನಾನೂ ಯೋಚಿಸಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಏಪ್ರಿಲ್ ತಿಂಗಳಲ್ಲಿ, ಒಂದು ಮನೆಯ ಎರಡನೇ ಮಹಡಿಗೆ ಮರಳು ಸಾಗಿಸುತ್ತಿದ್ದರು. ರಾಯಚೂರು ಕಡೆಯಿಂದ ಬಂದ ಇಬ್ಬರು ಹೆಣ್ಣುಮಕ್ಕಳು ಬಾಂಡ್ಲಿ ಹೊತ್ತು ಬೆಳಗ್ಗೆಯಿಂದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಮಧ್ಯಾಹ್ನ ಒಬ್ಬರು ತಲೆ ಸುತ್ತಿ ಕುಸಿದರು. ಮನೆಯವರು ತಣ್ಣಗಿನ ನೀರಿನ ಬಿಂದಿಗೆಯನ್ನೇ ಇಟ್ಟಿದ್ದರು. ಅದು ತುಂಬಿದ ಹಾಗೇ ಇತ್ತು. ಯಾಕೆ ಕುಡಿಯಲಿಲ್ಲ ಎಂದು ಕೇಳಿದೆ. ಜೊತೆಗಿದ್ದ ಹಿರಿಯಾಕೆ ತಲೆ ಎತ್ತದೆ ಹೇಳಿದರು, "ಕುಡದ್ರ ಹೋಗೋದು ಎಲ್ಲಿ ಸರ?" ಗಂಡಸರು ಪಕ್ಕದ ಖಾಲಿ ಸೈಟಿಗೆ ಹೋಗಿ ಬರುತ್ತಿದ್ದರು. ಇವರು ಬೆಳಗ್ಗೆ ಎಂಟರಿಂದ ಸಂಜೆ ಆರರ ತನಕ ತಡೆದುಕೊಂಡಿರುತ್ತಿದ್ದರು. ಸಿಮೆಂಟ್ ಎಷ್ಟು ಚೀಲ, ಕಬ್ಬಿಣ ಎಷ್ಟು ಕೆ.ಜಿ. ಎಂದು ಲೆಕ್ಕ ಇಟ್ಟ ನಾನು ಇದನ್ನು ಕೇಳಿರಲಿಲ್ಲ. ಅಂದಿನಿಂದ ನನ್ನ ಎಸ್ಟಿಮೇಟ್‌ನ ಮೊದಲ ಸಾಲು ಟಾಯ್ಲೆಟ್. ಮನೆಯವರು ಒಪ್ಪಿದ ಮೇಲೆ ಉಳಿದ ಮಾತು.

ನಿಮ್ಮ ಮನೆಯಲ್ಲಿ ಇದು ಸುಲಭ. ಭಾನುವಾರ ಹಿತ್ತಲ ಟಾಯ್ಲೆಟ್‌ನಲ್ಲಿರುವ ಸಾಮಾನು ಹೊರಗೆ ತೆಗೆಯಿರಿ. ಸೋಮವಾರ ಪ್ಲಂಬರ್ ಬಂದ ಕೂಡಲೇ ಮೊದಲ ಕೆಲಸ ಅಲ್ಲಿನ ನಲ್ಲಿ ಸರಿ ಮಾಡುವುದು. ಒಂದು ಬಲ್ಬ್, ಒಳಗಿನಿಂದ ಗಟ್ಟಿಯಾಗಿ ಕೂರುವ ಚಿಲಕ, ಬಕೆಟ್ಟು, ಮಗ್ಗು, ಸೋಪು ಇಡಿ. ಆರು ಜನರಲ್ಲಿ ಹೆಂಗಸರಿದ್ದರೆ ಮುಚ್ಚಳ ಇರುವ ಕಸದ ಡಬ್ಬಿಯನ್ನೂ ಇಡಿ. ಚಿಲಕ ಇಲ್ಲದ ಟಾಯ್ಲೆಟ್ ಅವರ ಪಾಲಿಗೆ ಇಲ್ಲದ ಹಾಗೆಯೇ. ಇದೆಲ್ಲ ಒಂದು ಒಳ್ಳೆಯ ಷವರ್‌ಗೆ ಕೊಡುವ ದುಡ್ಡಿನಲ್ಲಿ ಆಗುತ್ತದೆ. ಕೆಲಸ ಮುಗಿದ ಮೇಲೂ ನಿಮಗೇ ಉಳಿಯುತ್ತದೆ. ಹಾಗೆಯೇ, ಒಳಗಿನ ಎರಡು ಬಾತ್‌ರೂಮನ್ನೂ ಒಟ್ಟಿಗೆ ಒಡೆಸಬೇಡಿ. ಒಂದು ಮುಗಿದ ಮೇಲೆ ಇನ್ನೊಂದು. ಹಿತ್ತಲ ನಲ್ಲಿ ಮತ್ತೆ ಕೈಕೊಟ್ಟರೆ ಒಳಗಿನದನ್ನೇ ಕೊಡಬೇಕಾಗುತ್ತದೆ. ಕೊಡಿ. ಟಾಯ್ಲೆಟ್ ಇರುವುದೇ ತೊಳೆದು ಬಳಸುವುದಕ್ಕೆ, ಅಲ್ವಾ?

ಈಗ ಲೋಟದ ವಿಷಯ. ಇದನ್ನು ಮೆತ್ತಗೆ ಹೇಳಲು ನನಗೆ ಆಗುವುದಿಲ್ಲ. ಬೇರೆ ಲೋಟ ಇಡುವ ಪದ್ಧತಿ ಸ್ವಚ್ಛತೆಯಿಂದ ಬಂದಿದ್ದಲ್ಲ, ಜಾತಿಯಿಂದ ಬಂದಿದ್ದು. ನಮ್ಮ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ಎಪ್ಪತ್ತು ವರ್ಷದ ಮೇಲಾಯಿತು. ಕಿಟಕಿಯ ಮೂಲೆಯಲ್ಲಿ ಬೋರಲು ಹಾಕಿಟ್ಟ ಎರಡು ಲೋಟ ಯಾಕಿವೆ ಎಂದು ಕೆಲಸಕ್ಕೆ ಬಂದವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅವರು ಏನೂ ಹೇಳುವುದಿಲ್ಲ. ಕುಡಿದು, ತೊಳೆದು, ಬೋರಲು ಹಾಕಿ ಹೋಗುತ್ತಾರೆ. ನನ್ನ ಜೊತೆ ಹದಿನೈದು ವರ್ಷ ಕೆಲಸ ಮಾಡಿದ ಮೇಸ್ತ್ರಿಯೊಬ್ಬರು ಅಂಥ ಮನೆಗಳಲ್ಲಿ "ಈಗ ತಾನೇ ಕುಡಿದು ಬಂದೆ" ಎಂದು ಟೀ ಬೇಡ ಅನ್ನುತ್ತಿದ್ದರು. ಅದು ಸುಳ್ಳು ಎಂದು ನನಗೆ ತಿಳಿಯುವಷ್ಟರಲ್ಲಿ ಬಹಳ ವರ್ಷ ಆಗಿತ್ತು.

ಅತ್ತೆಯವರ ಜೊತೆ ವಾದ ಮಾಡಿದರೆ ಮನೆ ಕೆಲಸದ ಜೊತೆ ಇನ್ನೊಂದು ಜಗಳ ಶುರುವಾಗುತ್ತದೆ ಎಂಬ ಭಯ ನಿಮಗಿರಬಹುದು. ಅವರ ಕಾಲದ ಒಂದು ವಿಷಯವನ್ನೇ ನೆನಪಿಸಿ. ಈ ಮನೆ ಕಟ್ಟುವಾಗ ವಾಸ್ಕಾಲು ಪೂಜೆ ಮಾಡಿರುತ್ತಾರೆ. ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಅರಿಸಿನ ಕುಂಕುಮ ಹಚ್ಚಿ, ಬಡಗಿಗೂ ಗಾರೆಯವರಿಗೂ ಎಲೆ ಅಡಿಕೆ, ದಕ್ಷಿಣೆ ಕೊಟ್ಟಿರುತ್ತಾರೆ. ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ಶಲ್ಯ ಕೊಟ್ಟು ಊಟಕ್ಕೆ ಕೂರಿಸಿರುತ್ತಾರೆ. ಆ ದಿನ ಅವರು ಮನೆಗೆ ಶುಭ ತರುವವರು. ಅದೇ ಕೈಗಳು ರಿಪೇರಿಗೆ ಬಂದಾಗ ಲೋಟ ಮುಟ್ಟಬಾರದು ಅಂದರೆ ಹೇಗೆ? ನನಗೆ ಪರಿಚಯದ ಎರಡು ಮೂರು ಹಿರಿಯರು ಈ ಮಾತು ಕೇಳಿ ಸುಮ್ಮನಾಗಿದ್ದಾರೆ. ಇನ್ನೂ ಒಪ್ಪದಿದ್ದರೆ ಟೀ ಕೊಡುವ ಕೆಲಸವನ್ನು ನೀವೇ ವಹಿಸಿಕೊಳ್ಳಿ. ನೀವು ಕುಡಿಯುವ ಲೋಟಗಳನ್ನೇ ತಟ್ಟೆಯಲ್ಲಿಟ್ಟು ಹೊರಗೆ ತನ್ನಿ, ಅಲ್ಲೇ ನಿಂತು ನೀವೂ ಒಂದು ಲೋಟ ಕುಡಿಯಿರಿ.

ಟೀ ಬೆಳಗ್ಗೆ ಹತ್ತೂವರೆ ಹನ್ನೊಂದಕ್ಕೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ ಸಾಕು. ದಿನಾ ಮಾಡಲು ಆಗದಿದ್ದರೆ ಮೊದಲೇ ಹೇಳಿ, ಅವರು ಅಂಗಡಿಗೆ ಹೋಗಿ ಬರುತ್ತಾರೆ. ಊಟ ಕೊಡಲೇಬೇಕು ಎಂದೇನಿಲ್ಲ, ಹೆಚ್ಚಿನವರು ಬುತ್ತಿ ತರುತ್ತಾರೆ. ಆದರೆ ಬುತ್ತಿ ಬಿಚ್ಚಲು ನೆರಳಿನ ಒಂದು ಜಾಗ, ಕೈ ತೊಳೆಯಲು ನೀರು ಮತ್ತು ಸೋಪು ಬೇಕು. ಸೋಪು ಮರೆಯಬೇಡಿ. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಸುಣ್ಣದ ಹಾಗೆ. ಅದಕ್ಕೇ ಗಾರೆಯವರು ಸಂಜೆ ಕೈಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಒಂದು ಸಣ್ಣ ಬಾಟಲಿ ಎಣ್ಣೆ ಹಿತ್ತಲ ಗೋಡೆಯ ಮೇಲಿಟ್ಟು ನೋಡಿ, ಎಷ್ಟು ಬೇಗ ಖಾಲಿಯಾಗುತ್ತದೆ ಎಂದು.

ನೀವು ಕೇಳದೆ ಇದ್ದ ಒಂದು ವಿಷಯ ಹೇಳಬೇಕು: ನೀನು, ನೀವು. ಐವತ್ತೈದು ವರ್ಷದ ಮೇಸ್ತ್ರಿಯನ್ನು ಇಪ್ಪತ್ತೈದು ವರ್ಷದ ಹುಡುಗ "ಏಯ್, ಬಾರೋ ಇಲ್ಲಿ" ಎಂದು ಕರೆಯುವುದನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಬ್ಯಾಂಕಿನಲ್ಲಿ ಕೂತ ಅಪರಿಚಿತರಿಗೆ ಬಹುವಚನ ತಾನಾಗಿ ಬರುತ್ತದೆ, ಕೈಯಲ್ಲಿ ಕರಣೆ ಹಿಡಿದವರಿಗೆ ಬರುವುದಿಲ್ಲ. ಉತ್ತರ ಕರ್ನಾಟಕದ ಕಡೆ ಏಕವಚನದಲ್ಲಿ ಪ್ರೀತಿ ಇರುತ್ತದೆ ಅನ್ನುವುದು ನಿಜ. ಆದರೆ ಅಲ್ಲಿ ಅದು ಎರಡೂ ಕಡೆಯಿಂದ ಬರುತ್ತದೆ. ನೀವು ಏಕವಚನದಲ್ಲಿ ಕರೆದಾಗ ಅವರು ನಿಮ್ಮನ್ನು "ಮೇಡಂ" ಅನ್ನುತ್ತಿದ್ದರೆ ಅದು ಸಲಿಗೆ ಅಲ್ಲ. ಸೋಮವಾರ ಬೆಳಗ್ಗೆ ಆರೂ ಜನರ ಹೆಸರು ಕೇಳಿ, ಬೇಕಿದ್ದರೆ ಬರೆದಿಟ್ಟುಕೊಳ್ಳಿ. ಟೈಲ್ಸ್, ಪೇಂಟ್, ಮರದ ಕೆಲಸಕ್ಕೆ ಈಗ ಬಿಹಾರ, ಒಡಿಶಾ, ಉತ್ತರ ಪ್ರದೇಶ, ರಾಜಸ್ಥಾನದವರು ಜಾಸ್ತಿ. ಕನ್ನಡ ಬರದವರ ಜೊತೆ ಕನ್ನಡವನ್ನೇ ಜೋರಾಗಿ ಹೇಳಿದರೆ ಅರ್ಥ ಆಗುವುದಿಲ್ಲ. ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಗೀಸರ್ ಪಾಯಿಂಟ್ ಎಲ್ಲಿ, ಕನ್ನಡಿ ಎಷ್ಟು ಎತ್ತರ, ಯಾವ ಟೈಲ್ಸ್ ಯಾವ ಗೋಡೆಗೆ ಎಂದು ಗೋಡೆಯ ಮೇಲೇ ಗೆರೆ ಎಳೆದು ತೋರಿಸಿ. ಅದು ಎಲ್ಲರಿಗೂ ಅರ್ಥವಾಗುತ್ತದೆ.

ಕೆಲಸ ಶುರುವಾಗುವ ಮೊದಲು ಜಾಗ ಖಾಲಿ ಮಾಡಿಕೊಡುವುದೂ ಗೌರವವೇ. ಎಷ್ಟೋ ಮನೆಗಳಲ್ಲಿ ಆರು ಜನ ಬಂದು ನಿಂತ ಮೇಲೆ ಪಾತ್ರೆ ತೆಗೆಯಲು ಶುರು ಮಾಡುತ್ತಾರೆ. ಅರ್ಧ ದಿನ ಹೋಯಿತು. ಗುತ್ತಿಗೆ ಕೆಲಸವಾದರೆ ಆ ಅರ್ಧ ದಿನ ಮೇಸ್ತ್ರಿಯ ಜೇಬಿನಿಂದ ಹೋಗುತ್ತದೆ. ಒಡವೆ, ದುಡ್ಡು, ಕಾಗದಪತ್ರ ಇರುವ ಕೋಣೆಗೆ ಭಾನುವಾರವೇ ಬೀಗ ಹಾಕಿ. ಅವರು ಬಂದ ಮೇಲೆ ಅವರ ಕಣ್ಣೆದುರು ಬೀರು ಎಳೆದು ನೋಡಿ ಬೀಗ ಹಾಕುವುದು ಬೇರೆಯೇ ಮಾತು ಹೇಳುತ್ತದೆ. ಏನಾದರೂ ಕಾಣದಿದ್ದರೆ ಮೊದಲು ಮನೆಯೆಲ್ಲ ಹುಡುಕಿ. ಸಾಮಾನು ಜರುಗಿಸಿದ ಮನೆಯಲ್ಲಿ ಕನ್ನಡಕ, ವಾಚು ಮಾಯವಾಗಿ ಮತ್ತೆ ಸಿಗುವುದು ಮಾಮೂಲು. ಸಂಜೆ ಹೋಗುವಾಗ ಬ್ಯಾಗ್ ತೆರೆದು ತೋರಿಸಿ ಅನ್ನಬೇಡಿ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಹಿಂದಿನ ದಿನವೇ ಗೇಟಿಗೆ ಹೇಳಿ ಇಡಿ. 50 ಕೆ.ಜಿ. ಸಿಮೆಂಟ್ ಚೀಲ ಹೊತ್ತವರಿಗೆ ಲಿಫ್ಟ್ ಇಲ್ಲ ಅನ್ನುವ ನಿಯಮ ನಿಮ್ಮಲ್ಲಿದ್ದರೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎದ್ದು ಮಾತಾಡಬೇಕಾದವರು ನೀವೇ.

ಪಕ್ಕದಲ್ಲಿ ನಿಂತು ನೋಡಬೇಕಾ ಎಂದಿರಿ. ಇಡೀ ದಿನ ಬೇಡ, ಆದರೆ ಕೆಲವು ಗಳಿಗೆಗಳಲ್ಲಿ ನೀವು ಇರಲೇಬೇಕು. ಅವು ಯಾವುವು ಎಂದು ಗೊತ್ತಿಲ್ಲದ ಕಾರಣಕ್ಕೆ ಜನ ಬೇಡದ ಹೊತ್ತಲ್ಲಿ ನಿಂತು, ಬೇಕಾದ ಹೊತ್ತಲ್ಲಿ ಮಾಯವಾಗುತ್ತಾರೆ. ಸಿಮೆಂಟ್‌ಗೆ ನೀರು ಬಿದ್ದ ಮೇಲೆ ಗಡಿಯಾರ ಓಡಲು ಶುರು. ಕಲಸಿದ ಮಾಲನ್ನು ಅರ್ಧ ಗಂಟೆಯೊಳಗೆ ಬಳಸಿ ಮುಗಿಸಬೇಕು, ಆಮೇಲೆ ಅದು ಬಿಗಿಯಲು ತೊಡಗುತ್ತದೆ. ಆಗ ಮೇಸ್ತ್ರಿಯನ್ನು ಕರೆದು "ಒಂದು ನಿಮಿಷ ಬನ್ನಿ, ಆ ಟೈಲ್ಸ್ ಇಲ್ಲಿ ಬಂದರೆ ಹೇಗೆ?" ಎಂದರೆ ಕೆಲಸ ಕೆಡುತ್ತದೆ. ಬಿಗಿದ ಮಾಲಿಗೆ ಮತ್ತೆ ನೀರು ಹಾಕಿ ಕಲಸುತ್ತಾರೆ, ಗೋಡೆ ದುರ್ಬಲವಾಗುತ್ತದೆ. ಅವರ ಜೊತೆ ಮಾತಾಡಲು ಒಳ್ಳೆಯ ಹೊತ್ತು ಬೆಳಗ್ಗೆ ಬಂದ ಮೊದಲ ಹತ್ತು ನಿಮಿಷ ಮತ್ತು ಸಂಜೆ ಸಾಮಾನು ತೊಳೆಯುವ ಹೊತ್ತು. ನಡುವೆ ಏನಾದರೂ ಹೊಳೆದರೆ ಪುಸ್ತಕದಲ್ಲಿ ಬರೆದಿಟ್ಟು ಸಂಜೆ ಕೇಳಿ. ತೀರಾ ಅರ್ಜೆಂಟ್ ಇದ್ದರೆ ಸರಿ, ಕೂಡಲೇ ಹೇಳಿ.

ನೀವು ಇರಲೇಬೇಕಾದ ಗಳಿಗೆಗಳು ಇವು. ಪೈಪ್ ಹಾಕಿ ಗೋಡೆ ಮುಚ್ಚುವ ಮೊದಲು ಪ್ಲಂಬರ್ ಒತ್ತಡ ಕೊಟ್ಟು ಸೋರಿಕೆ ನೋಡುವಾಗ ಜೊತೆಗಿರಿ. ವಾಟರ್‌ಪ್ರೂಫಿಂಗ್ ಆದ ಮೇಲೆ ಬಾತ್‌ರೂಮ್ ನೆಲದಲ್ಲಿ ನೀರು ಕಟ್ಟಿ ಎರಡು ದಿನ ಬಿಟ್ಟು ಕೆಳಗೆ, ಪಕ್ಕದ ಗೋಡೆಯಲ್ಲಿ ಒದ್ದೆ ಬಂದಿದೆಯಾ ನೋಡಿ. ಟೈಲ್ಸ್ ಕೂರಿಸುವ ಮೊದಲು ಇಳಿಜಾರು ಸರಿ ಇದೆಯಾ ನೋಡಿ. ಸ್ನಾನದ ಜಾಗದಲ್ಲಿ ಅಡಿಗೆ ಕಾಲು ಇಂಚು ಇಳಿಜಾರು ಇದ್ದರೆ ನೀರು ನಿಲ್ಲುವುದಿಲ್ಲ. ಇದನ್ನು ಅನುಮಾನ ಎಂದು ಒಳ್ಳೆಯ ಮೇಸ್ತ್ರಿ ತಿಳಿಯುವುದಿಲ್ಲ. ಅವರೇ ಕರೆದು "ನೋಡಿಕೊಳ್ಳಿ" ಅನ್ನುತ್ತಾರೆ. ಮೊದಲ ದಿನವೇ "ಈ ಮೂರು ಹಂತದಲ್ಲಿ ನಮ್ಮನ್ನು ಕರೆಯಿರಿ, ನೋಡಿದ ಮೇಲೆ ಮುಂದಕ್ಕೆ ಹೋಗೋಣ" ಎಂದು ಹೇಳಿಬಿಡಿ.

ತಪ್ಪು ಕಂಡರೆ ಮೇಸ್ತ್ರಿಗೆ ಮಾತ್ರ ಹೇಳಿ, ಹೆಲ್ಪರ್ ಹುಡುಗರಿಗೆ ಅಲ್ಲ. ಎಲ್ಲರ ಎದುರು ಬೇಡ. ಆದರೆ ತಡವೂ ಬೇಡ, ಗಾರೆ ಹಸಿ ಇರುವಾಗಲೇ ಹೇಳಿದರೆ ಸರಿ ಮಾಡುವುದು ಹತ್ತು ನಿಮಿಷದ ಕೆಲಸ. ಒಣಗಿದ ಮೇಲೆ ಸುತ್ತಿಗೆ ಬೇಕು. "ಇದೇನ್ರೀ ಸೊಟ್ಟ ಮಾಡಿದ್ದೀರಾ" ಎಂದು ಶುರು ಮಾಡುವ ಬದಲು "ರಸಮಟ್ಟ ಇಟ್ಟು ಒಂದು ಸಲ ನೋಡೋಣವಾ?" ಎಂದು ಕೇಳಿ. ಆಗ ತಪ್ಪು ತೋರಿಸುವುದು ನೀವಲ್ಲ, ಮಟ್ಟ ನೋಡುವ ಆ ರಸಮಟ್ಟದ ಗುಳ್ಳೆ. ಎಷ್ಟೋ ಸಲ ಸೊಟ್ಟ ಇರುವುದು ಹಳೆಯ ಗೋಡೆ, ಹೊಸ ಕೆಲಸ ಅಲ್ಲ. 22 ವರ್ಷದ ಮನೆಯಲ್ಲಿ ಮೂಲೆಗಳು ಸರಿಯಾದ ಮಟ್ಟದಲ್ಲಿ ಇರುವುದು ಅಪರೂಪ. ಅದನ್ನು ಟೈಲ್ಸ್‌ನಲ್ಲಿ ಮರೆಮಾಡುವುದೇ ಅವರ ಕೈಚಳಕ. ನಿಜಕ್ಕೂ ಕೆಲಸ ಕೆಟ್ಟಿದ್ದರೆ, "ಇದನ್ನು ಬಿಚ್ಚಿ ಮತ್ತೆ ಮಾಡಬೇಕು" ಎಂದು ನೇರವಾಗಿ ಹೇಳಿ. ಗೌರವ ಅಂದರೆ ಕೆಟ್ಟ ಕೆಲಸ ಒಪ್ಪಿಕೊಳ್ಳುವುದಲ್ಲ. ಚೆನ್ನಾಗಿ ಆಗಿದ್ದನ್ನೂ ಬಾಯಿ ಬಿಟ್ಟು ಹೇಳಿ. ಟೈಲ್ಸ್‌ನ ಗೆರೆಗಳು ಕಿಟಕಿಯ ಅಂಚಿಗೆ ಸರಿಯಾಗಿ ಬಂದು ಸೇರಿದ್ದರೆ ಅದು ತಾನಾಗಿ ಆದದ್ದಲ್ಲ, ಯಾರೋ ಬೆಳಗ್ಗೆ ಅರ್ಧ ಗಂಟೆ ಕೂತು ಲೆಕ್ಕ ಹಾಕಿದ್ದಾರೆ.

ದುಡ್ಡಿನ ಮಾತಿಗೆ ಬರೋಣ. ಚೌಕಾಸಿ ಮಾಡುವುದಿದ್ದರೆ ಕೆಲಸಕ್ಕೆ ಮೊದಲು ಎಷ್ಟು ಬೇಕಾದರೂ ಮಾಡಿ. ಮುಗಿದ ಮೇಲೆ "ರೌಂಡ್ ಫಿಗರ್ ಮಾಡಿಬಿಡಿ" ಅನ್ನಬೇಡಿ. ಆ ಒಂದು ಮಾತಿಗೆ ಮೇಸ್ತ್ರಿಯ ಮುಖ ಇಳಿಯುವುದನ್ನು ನಾನು ಬಹಳ ಸಲ ನೋಡಿದ್ದೇನೆ. ನಿಮಗೆ ಅದು ಎರಡು ಸಾವಿರ. ಅವರಿಗೆ ಒಬ್ಬ ಹುಡುಗನ ಎರಡು ದಿನದ ಕೂಲಿ ಇರಬಹುದು, ಅದನ್ನು ಅವರು ಆ ಹುಡುಗನಿಗೆ ಕೊಡಲೇಬೇಕು. ಶನಿವಾರ ಬಟವಾಡೆ ದಿನ. ನೀವು ಮೇಸ್ತ್ರಿಗೆ ಶನಿವಾರ ಮಧ್ಯಾಹ್ನ ಕೊಟ್ಟರೆ ಸಂಜೆ ಆರು ಜನರ ಕೈಗೆ ದುಡ್ಡು ಹೋಗುತ್ತದೆ, ರಾತ್ರಿ ಊರಿಗೆ ಹೋಗುತ್ತದೆ, ಭಾನುವಾರ ಅಲ್ಲಿ ಸಂತೆ ಆಗುತ್ತದೆ. "ಸೋಮವಾರ ಕೊಟ್ಟರೆ ಆಗಲ್ವಾ?" ಎಂದು ನೀವು ಕೇಳಿದರೆ ಅವರು "ಆಗುತ್ತೆ ಮೇಡಂ" ಅನ್ನುತ್ತಾರೆ. ಆಗುವುದಿಲ್ಲ. ಕೊನೆಗೆ ಸ್ವಲ್ಪ ದುಡ್ಡು ಹಿಡಿದಿಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಎಷ್ಟು, ಯಾವಾಗ ಕೊಡುತ್ತೀರಿ ಎಂದು ಮೊದಲ ದಿನವೇ ಬರೆದಿಡಿ, ಆ ದಿನ ಅವರು ಫೋನ್ ಮಾಡುವ ಮೊದಲೇ ಕಳಿಸಿ.

ಇದರ ಜೊತೆ ಒಂದು ಸಹಾಯ ನಿಮ್ಮಿಂದ ಆಗಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲು 18ರಿಂದ 60 ವರ್ಷದೊಳಗಿನವರು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಮಾಡಿರುತ್ತಾರೆ, ಆದರೆ ಬರೆದುಕೊಡುವವರು ಇರುವುದಿಲ್ಲ. ನಿಮ್ಮ ಮನೆಯಲ್ಲಿ ಯಾರು ಎಷ್ಟು ದಿನ ದುಡಿದರು ಎಂಬ ಲೆಕ್ಕವನ್ನು ಸಹಿ ಮಾಡಿ ಕೊಡಿ. ಮಂಡಳಿಯ ಕಾರ್ಡ್ ಇಲ್ಲದವರಿಗೆ ಅದು ಟಿಪ್ಸ್‌ಗಿಂತ ದೊಡ್ಡದು.

ಇನ್ನು "ಸುಮ್ನೆ ಅದೊಂದು ಮಾಡಿಬಿಡಿ" ಎಂಬ ಮಾತು. ಪ್ಲಂಬರ್‌ಗೆ "ಹಾಗೇ ಟ್ಯಾಂಕ್ ತೊಳೆದುಬಿಡಿ", ಹೆಲ್ಪರ್‌ಗೆ "ಸಜ್ಜಾ ಮೇಲೆ ಹತ್ತಿ ಆ ಗಿಡ ಕಿತ್ತುಬಿಡು". ಬೇರೆ ಕೆಲಸ ಇದ್ದರೆ ಬೇರೆ ದುಡ್ಡು ಹೇಳಿ ಕೇಳಿ. ಅಪಾಯದ ಕೆಲಸ ಕೇಳಲೇಬೇಡಿ. ಮುಖ್ಯವಾಗಿ ಶೌಚದ ಗುಂಡಿ. ಬಾತ್‌ರೂಮ್ ಒಡೆಯುವಾಗ ಗುಂಡಿ ತುಂಬಿರುವುದು ಗೊತ್ತಾಗಬಹುದು. ಆಗ ಯಾರೋ "ಒಬ್ಬರನ್ನು ಇಳಿಸಿ ತೆಗೆಸೋಣ" ಅನ್ನುತ್ತಾರೆ. ಗುಂಡಿಯೊಳಗಿನ ಗಾಳಿ ಒಂದೆರಡು ಉಸಿರಿನಲ್ಲೇ ಕೊಲ್ಲಬಲ್ಲದು. 2013ರ ಕಾನೂನು ಸುರಕ್ಷತಾ ಸಾಧನವಿಲ್ಲದೆ ಗುಂಡಿಗೆ ಜನರನ್ನು ಇಳಿಸುವುದನ್ನು ಅಪರಾಧ ಮಾಡಿದೆ, ಇಳಿಸಿದವರು ಜೈಲಿಗೆ ಹೋಗಬೇಕಾಗಬಹುದು. ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಬಹಳ ದಿನ ಮುಚ್ಚಿದ ಸಂಪಿನಲ್ಲೂ ಕೆಟ್ಟ ಗಾಳಿ ಇರಬಹುದು.

ಕರೆಂಟಿನ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಹೇಳಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಮನೆಯಲ್ಲಿ ಎಲೆಕ್ಟ್ರಿಷಿಯನ್ ಒಳಗೆ ವೈರ್ ಜೋಡಿಸುತ್ತಿದ್ದರು. ಮನೆಯವರೊಬ್ಬರು ಫೋನ್ ಚಾರ್ಜ್ ಆಗುತ್ತಿಲ್ಲ ಎಂದು ಹೊರಗೆ ಹೋಗಿ ಎಂಸಿಬಿ, ಅಂದರೆ ಕರೆಂಟ್ ಕಡಿಯುವ ಸ್ವಿಚ್, ಎತ್ತಿದರು. ಎಲೆಕ್ಟ್ರಿಷಿಯನ್ ಏಣಿಯಿಂದ ಬಿದ್ದು ಕೈ ಮುರಿದುಕೊಂಡರು. ಎರಡು ತಿಂಗಳು ಕೆಲಸ ಇಲ್ಲ. ಎಂಸಿಬಿ ಇಳಿಸಿದ ಮೇಲೆ ಅದರ ಮೇಲೆ ಟೇಪ್ ಅಂಟಿಸಿ "ಮುಟ್ಟಬೇಡಿ, ಒಳಗೆ ಜನ ಇದ್ದಾರೆ" ಎಂದು ಬರೆಯಿರಿ. ಅತ್ತೆಯವರಿಗೂ ಮಕ್ಕಳಿಗೂ ಅದನ್ನು ತೋರಿಸಿ. ಟೈಲ್ಸ್ ಕತ್ತರಿಸುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ಕೂರುತ್ತದೆ. ಹೊರಗೆ, ನೀರು ಬಿಟ್ಟುಕೊಂಡು ಕತ್ತರಿಸಲು ಜಾಗ ಕೊಡಿ. ಮಾಸ್ಕ್ ಮೇಸ್ತ್ರಿ ತರದಿದ್ದರೆ ನೀವೇ ಒಂದು ಡಬ್ಬಿ ತಂದಿಡಿ.

ಕೊನೆಗೆ ನಿಮ್ಮ ಪೇಂಟರ್ ವಿಷಯ. ಪ್ರಶ್ನೆಯ ನಡುವೆ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಮೂರು ದಿನ ಕೆಲಸ ಮಾಡಿದ್ದಾರೆ, ಕೂಲಿ ಕೊಟ್ಟಿಲ್ಲ. ಅವರು ಕೇಳಲಿಲ್ಲ ಎಂದ ಮಾತ್ರಕ್ಕೆ ಅದು ನಿಮ್ಮ ದುಡ್ಡಾಗುವುದಿಲ್ಲ. ಅವರ ನಂಬರ್ ಫೋನಿನಲ್ಲಿ ಇದ್ದೇ ಇರುತ್ತದೆ. ಸೋಮವಾರ ಹೊಸ ಕೆಲಸ ಶುರುವಾಗುವ ಮೊದಲು, ನಿಮ್ಮ ಯಜಮಾನರೇ ಫೋನ್ ಮಾಡಲಿ. ಮೊದಲು ಹೆಸರು ಹಿಡಿದು ಮಾತಾಡಲಿ, ಆ ದಿನ ಕೂಗಾಡಿದ್ದು ತಪ್ಪಾಯಿತು ಎನ್ನಲಿ, ಆಮೇಲೆ ದುಡ್ಡು ಯಾವ ನಂಬರಿಗೆ ಕಳಿಸಲಿ ಎಂದು ಕೇಳಲಿ. ಫೋನ್ ಎತ್ತದಿದ್ದರೆ ಸಂಜೆ ಮತ್ತೆ ಮಾಡಲಿ. ಏಣಿಯ ಮೇಲಿರುವವರಿಗೆ ಫೋನ್ ಎತ್ತಲು ಆಗುವುದಿಲ್ಲ.